ಕೆಳಗೆ ಯಾರಿದ್ದಾರೆ

ಇಂಜಿನಿಯರ್ ಹುಡುಗಿ, ಹೆಸರು ತಸ್ಲೀಮಾ,
ಶಿರ್ವದ ರಸ್ತೆ ಬಿಟ್ಟು ಮಣ್ಣಿನ ದಾರಿಯಲ್ಲಿ
ಸ್ಕೂಟರು ಕುಣಿಸಿಕೊಂಡು ಬಂದಳು.
ಹೆಲ್ಮೆಟ್ಟನ್ನು ಕೋಡಿಯ ಕಲ್ಲಿನ ಮೇಲೆ ಬುಟ್ಟಿಯ ಹಾಗೆ ಇಟ್ಟು
ಅದರೊಳಗೆ ಪೆನ್ನು, ಟೇಪು, ಅರ್ಧ ತಿಂದ ಬಿಸ್ಕತ್ತಿನ ಪೊಟ್ಟಣ.

ಎತ್ತರ? ನಾಲ್ಕು ಮೀಟರ್ ಹತ್ತು ಸೆಂಟಿ.
ಮಾಲೀಕರು? ಜೆಸಿಂತಾ ಮಥಾಯಸ್, ನಾನೇ.
ಕಟ್ಟಿದ್ದು ಯಾವಾಗ?
ನನ್ನ ಮೊದಲ ಪರಮಪ್ರಸಾದದ ವರ್ಷ;
ಬಿಳಿ ಫ್ರಾಕಿಗೆ ಹತ್ತಿದ ಕೆಂಪು ಮಣ್ಣು
ಅಮ್ಮನಿಗೆ ಕೊನೆಗೂ ಹೋಗಲಿಲ್ಲ.
ವಿನ್ಯಾಸ ಯಾರದ್ದು?
ಅಪ್ಪನ ಹಿಮ್ಮಡಿಯದ್ದು.
ತನಿಯ ಮಣ್ಣು ಹಾಕುವುದು, ಅಪ್ಪ ಮೆಟ್ಟಿ ನೋಡುವುದು,
ಹಿಮ್ಮಡಿ ಹೂತರೆ ಇನ್ನೊಂದು ಬುಟ್ಟಿ.
ಅಷ್ಟೆಲ್ಲ ಬರೆಯಲಿಕ್ಕೆ ಆ ಸಾಲಿನಲ್ಲಿ ಜಾಗ ಇರಲಿಲ್ಲ.
ಒಂದು ಗೆರೆ ಎಳೆದಳು.

ನಾನೇ ಮುಂದೆ ನಡೆದು ತೋರಿಸಿದೆ:
ಏಡಿ ಕೊರೆದ ತೂತುಗಳು, ಕಳೆದ ವರ್ಷ ಮುಚ್ಚಿಸಿದ ಹುತ್ತ,
ಏರಿ ಹಿಡಿದು ನಿಂತ ಮುಂಡೇವಿನ ಬೇರು.
ಮಾರ್ಚಿಯಲ್ಲೂ ಹಸಿರಾಗಿಯೇ ಇರುವ
ಆ ಜರಿಗಿಡದ ಜಾಗಕ್ಕೆ ಮಾತ್ರ
ಬೆನ್ನು ಹಾಕಿ ನಿಂತೆ.
ಸೊಂಟ ನೋವು ಅಂದೆ.

ಅವಳೂ ಬೆನ್ನು ಹಾಕಿದಳು, ಇಡೀ ಕಟ್ಟಕ್ಕೆ.
ಬೈಲಿನ ಕಡೆ ಮುಖ ಮಾಡಿ ಎಣಿಸತೊಡಗಿದಳು:
ಒಂದು ತಾರಸಿ, ಮೂರು ಹಂಚಿನ ಮನೆ,
ಟೈಲರ್ ಅಂಗಡಿ, ನೀಲಿ ಗೇಟಿನ ಅಂಗನವಾಡಿ.
ಬರೆದಳು: ಅಧಿಕ ಅಪಾಯ.

ನಲ್ವತ್ತೆಂಟು ಮಳೆಗಾಲ ಮಾರಾಯ್ತಿ,
ಒಂದು ಬುಟ್ಟಿ ಮಣ್ಣು ಜರಿದದ್ದಿಲ್ಲ.
ಹಿಂದೆ ಬಂದವರು 'ಕಡಿಮೆ' ಅಂತ ಬರೆದು
ಎಳನೀರು ಕುಡಿದು ಹೋಗಿದ್ದರು!

ಅವಳು ಬೈದಂತೆ ಅಲ್ಲ, ಪಾಠ ಹೇಳಿದಂತೆಯೂ ಅಲ್ಲ:
'ಕಟ್ಟ ಗಟ್ಟಿಯಾ ಅಂತ ಕೇಳುವ ಸಾಲು ಬೇರೆ ಉಂಟು ಆಂಟಿ.
ಇದು, ಒಡೆದರೆ ಕೆಳಗೆ ಯಾರಿದ್ದಾರೆ ಅಂತ ಕೇಳುವ ಸಾಲು.'

ಆಗ ಕೆಳಗೆ ಕೊಳಕೆ ಬೆಳೆ ಇತ್ತು.
ಮೂರನೇ ಬೆಳೆಗೆ ನೀರು ಬೇಕೆಂದೇ ಈ ಕಟ್ಟ.
ಒಡೆದಿದ್ದರೆ ಕೊಕ್ಕರೆಗಳು ಎದ್ದು
ಪಕ್ಕದ ಗದ್ದೆಗೆ ಹೋಗಿ ಕೂತುಕೊಳ್ಳುತ್ತಿದ್ದವು.
ಕೊಳಕೆ ನಿಂತಿತು. ನೀರು ನಿಂತೇ ಇತ್ತು.
ಗದ್ದೆಯನ್ನು ಐದೈದು ಸೆಂಟ್ಸು ಮಾಡಿ ಮಾರಿದವಳು ನಾನು.
ಕ್ರಯಪತ್ರದಲ್ಲಿ ಚಕ್ಕುಬಂದಿ ಬರೆಸಿದ್ದೂ ನಾನು:
ಪಶ್ಚಿಮಕ್ಕೆ ತೋಡು, ದಕ್ಷಿಣಕ್ಕೆ ದಾರಿ,
ಪೂರ್ವಕ್ಕೆ ಮಾರುವವರ ಕಟ್ಟ.
ಅಪಾಯವನ್ನು ಒಂದು ದಿಕ್ಕು ಎಂದು ಬರೆಸಿ
ಸಬ್ ರಿಜಿಸ್ಟ್ರಾರರ ಮೊಹರು ಒತ್ತಿಸಿದ್ದೆ.

ಮೊದಲ ತುಂಡು ಕೊಂಡದ್ದು ತನಿಯನ ಮಗಳು ಸುಗುಣ,
ಬೀಡಿ ಕಟ್ಟಿದ ದುಡ್ಡಿನಲ್ಲಿ.
ಅಪ್ಪ ಹೊತ್ತ ಮಣ್ಣಿನ ಕೆಳಗೆ ಮಗಳ ಅಡುಗೆಮನೆ.

ಸಹಿ ಹಾಕಿದೆ. ಸ್ಕೂಟರು ಹೋಯಿತು.
ರಾತ್ರಿ ನಿದ್ದೆ ಬಾರದೆ ಟಾರ್ಚು ಹಿಡಿದು
ಏರಿಯ ಹಿಂಬದಿಗೆ ಇಳಿದೆ,
ಜರಿಗಿಡ ಸರಿಸಿ ಬೆಳಕು ಬಿಟ್ಟೆ.

ಅಲ್ಲಿ ಕಡ್ಡಿಗಳಿದ್ದವು.
ಬಿದಿರಿನವು, ನಾಲ್ಕು, ತುದಿಗೆ ಕೆಂಪು ಉಗುರುಬಣ್ಣ,
ಒಂದಕ್ಕಿಂತ ಒಂದು ಮೇಲೆ.
ಮೇಲಿನದರ ಬುಡದಲ್ಲಿ ಮಣ್ಣು ಮುಟ್ಟಿದರೆ
ಬೆರಳು ಒದ್ದೆ.

ಕೆಳಗೆ ಬಾಗಿಲು ತೆರೆಯಿತು.
'ಯಾರು? ಬಾಯಮ್ಮನಾ?'
ಸುಗುಣ ಸೀರೆ ಎತ್ತಿಕಟ್ಟಿ ಹತ್ತಿ ಬಂದಳು.
'ಪ್ರತಿ ಆಟಿಗೆ ಒಂದು ಕಡ್ಡಿ ಊರುವುದು,
ಒದ್ದೆ ಎಲ್ಲಿವರೆಗೆ ಬಂತು ಅಂತ.
ವರ್ಷಕ್ಕೆ ಒಂದು ಬೀಡಿಯಷ್ಟು ಹತ್ತುತ್ತಿತ್ತು.
ಈ ಸಲ ಎರಡು ಬೀಡಿ.'

ನನಗೆ ಹೇಳಬಾರದಿತ್ತಾ ಅಂದೆ.

ಅವಳು ನನ್ನ ಕೈಯ ಟಾರ್ಚನ್ನು
ಮೆಲ್ಲಗೆ ತಿರುಗಿಸಿದಳು,
ಕಣ್ಣಿಗೆ ಬೀಳುತ್ತಿತ್ತು ಅಂತ.